ಕ್ಷಮೆ ಕೇಳಿದ ಸಭೆ ಈಗ ಕಲಿಯಲು ಹೊರಗೆ ಬರಲಿ

ಕೆನಡಾದ ಕ್ರೈಸ್ತ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ಇರುವವರಿಗೆ, ಸಭೆಗಳ ಪಾಲಕರಿಗೆ, ಮತ್ತು ಈ ದೇಶದಲ್ಲಿ ನೆಲೆಸಿರುವ ನನ್ನ ಕನ್ನಡ ಕ್ರೈಸ್ತ ಬಂಧುಗಳಿಗೆ,

ಕ್ರಿಸ್ತ ಯೇಸುವಿನ ನಾಮದಲ್ಲಿ ವಂದನೆಗಳು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಬರುವ ಸೆಪ್ಟೆಂಬರ್‌ನಿಂದ ನಮ್ಮ ಮಕ್ಕಳ ಪಾಠದ ಒಂದು ಪಾಲನ್ನು ಬಯಲಿಗೆ ತನ್ನಿ. ಒಂದು ದಿನದ ಪಿಕ್ನಿಕ್ ಬೇಡ. ಶಾಲೆ ನಿಂತಿರುವ ನೆಲ ಯಾವ ಜನರದೋ ಆ ಜನರ ಬಳಿಗೆ, ವರ್ಷದ ಎಲ್ಲ ಕಾಲದಲ್ಲೂ, ಅವರು ಬನ್ನಿ ಎಂದಾಗ ಹೋಗುವಂಥ ಪಾಠ ಬೇಕು. ಅಲ್ಲಿ ಕಲಿಸುವವರು ಮೂಲನಿವಾಸಿ ಹಿರಿಯರು. ಕಲಿಯುವವರು ನಾವು. ನಾವು ಎಂದರೆ ಮಕ್ಕಳು ಮಾತ್ರ ಅಂತಲ್ಲ. ಟೀಚರುಗಳು, ಪಾಸ್ಟರುಗಳು, ಆಡಳಿತ ಮಂಡಳಿಯವರು, ನನ್ನಂಥ ತಾಯಂದಿರು, ಎಲ್ಲರೂ.

ಪರಿಸರ ಶಿಕ್ಷಣ ಒಳ್ಳೆಯದೇ, ಆದರೆ ನಾನು ಅದರ ಹೆಸರಲ್ಲಿ ಇದನ್ನು ಕೇಳುತ್ತಿಲ್ಲ. ಸಂಧಾನದ ಕೆಲಸ ಎಂದು ಕೇಳುತ್ತಿದ್ದೇನೆ. ಕ್ರೈಸ್ತ ಸಭೆಗಳು ಈ ದೇಶದ ಮೂಲನಿವಾಸಿಗಳಿಗೆ, ಅದರಲ್ಲೂ ಅವರ ಮಕ್ಕಳನ್ನು ಮನೆಯಿಂದ ದೂರ ಮಾಡಿ ಇಟ್ಟ ವಸತಿ ಶಾಲೆಗಳಲ್ಲಿ, ಮಾಡಿದ ಅನ್ಯಾಯಕ್ಕೆ ಕ್ಷಮೆ ಕೇಳಿವೆ. ಆ ಮೇಲಿನ ಕೆಲಸ ಬಾಕಿ ಇದೆ. ಆ ಕೆಲಸದ ದೊಡ್ಡ ಪಾಲು ಆರಾಧನಾಲಯದ ಒಳಗೆ ಕೂತು ಮುಗಿಯುವಂಥದ್ದಲ್ಲ.

ನಾನು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ದಕ್ಷಿಣ ಒಂಟಾರಿಯೊದಲ್ಲಿ, ಗ್ರ್ಯಾಂಡ್ ನದಿಯ ಸೀಮೆಯಲ್ಲಿ ನಮ್ಮ ಮನೆ. ಕಿಚನರ್, ವಾಟರ್ಲೂ, ಕೇಂಬ್ರಿಡ್ಜ್, ಬ್ರಾಂಟ್‌ಫರ್ಡ್ ಊರುಗಳೆಲ್ಲ ಈ ನದಿಯ ಆಸುಪಾಸಿನವೇ. ನಮ್ಮ ಕನ್ನಡದ ಮನೆಗಳೂ ಇಲ್ಲಿವೆ. ನಮ್ಮವರಲ್ಲಿ ಕೆಲವರು ಈಗ ಶಾಲಾ ಸಮಿತಿಗಳಲ್ಲಿ, ಸಭೆಯ ಕಮಿಟಿಗಳಲ್ಲಿ ಕೂತಿದ್ದಾರೆ. ಅಲ್ಲಿ ಈ ಮಾತನ್ನು ಎತ್ತುವವರು ನಾವೇ ಯಾಕೆ ಆಗಬಾರದು? ಅದಕ್ಕೇ ಈ ಪತ್ರ ಕನ್ನಡದಲ್ಲಿದೆ.

1784ರಲ್ಲಿ ಬ್ರಿಟಿಷ್ ಗವರ್ನರ್ ಹಾಲ್ಡಿಮಂಡ್ ಒಂದು ಘೋಷಣೆ ಮಾಡಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಜೊತೆ ನಿಂತು ತಮ್ಮ ನೆಲ ಕಳೆದುಕೊಂಡ ಹೋಡನಶೋನಿ ಜನರಿಗೆ, ಅಂದರೆ ಸಿಕ್ಸ್ ನೇಷನ್ಸ್ ಎಂಬ ಆರು ಮೂಲನಿವಾಸಿ ಜನರ ಒಕ್ಕೂಟಕ್ಕೆ, ಈ ನದಿಯ ಎರಡೂ ದಡಗಳಲ್ಲಿ ಆರು ಆರು ಮೈಲಿ ಅಗಲದ ನೆಲ ಕೊಡುವ ಘೋಷಣೆ ಅದು. ನದಿ ಹುಟ್ಟುವಲ್ಲಿಂದ ಈರಿ ಸರೋವರ ಸೇರುವವರೆಗೆ. ಇವತ್ತು ಅದರಲ್ಲಿ ಶೇ 5ರಷ್ಟೂ ಅವರ ಕೈಯಲ್ಲಿ ಉಳಿದಿಲ್ಲ. ಅವರ ಕೈತಪ್ಪಿದ ನೆಲದ ಮೇಲೆ ನಮ್ಮ ಮನೆಗಳಿವೆ, ಶಾಲೆಗಳಿವೆ, ಆರಾಧನಾಲಯಗಳಿವೆ.

ಅದೇ ನೆಲದಲ್ಲಿ, ಬ್ರಾಂಟ್‌ಫರ್ಡ್‌ನಲ್ಲಿ, ಮೊಹಾಕ್ ಇನ್‌ಸ್ಟಿಟ್ಯೂಟ್ ಎಂಬ ವಸತಿ ಶಾಲೆ ಇತ್ತು. 1830ರ ದಶಕದಿಂದ 1970ರವರೆಗೆ ನಡೆಯಿತು. ಅದನ್ನು ಬಹುಕಾಲ ನಡೆಸಿದ್ದು ಆಂಗ್ಲಿಕನ್ ಸಭೆಗೆ ಸೇರಿದ ಮಿಷನ್. ಅಲ್ಲಿದ್ದ ಮಕ್ಕಳು ಅದಕ್ಕೆ ಇಟ್ಟ ಹೆಸರು 'ಮಶ್ ಹೋಲ್'. ದಿನವೂ ತಟ್ಟೆಗೆ ಬೀಳುತ್ತಿದ್ದ ಓಟ್ಸ್ ಗಂಜಿಯಿಂದ ಬಂದ ಹೆಸರು ಅದು. ಆ ಶಾಲೆಗೆ ಸೇಬಿನ ತೋಟ ಇತ್ತು. ತೋಟದ ಕೆಲಸ ಮಾಡುತ್ತಿದ್ದವರು ಅದೇ ಮಕ್ಕಳು. ಹಣ್ಣು ತಿನ್ನುವ ಹಾಗಿರಲಿಲ್ಲ. ಹಸಿವು ತಾಳದೆ ಕದ್ದು ತಿಂದವರಿಗೆ ಶಿಕ್ಷೆ.

ಆ ತೋಟದ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ವಸತಿ ಶಾಲೆಗಳು ಮಕ್ಕಳನ್ನು ನಾಲ್ಕು ಗೋಡೆಯೊಳಗೆ ಕೂಡಿಹಾಕಿದವು ಎಂದು ಸುಲಭವಾಗಿ ಹೇಳುತ್ತೇವೆ. ಆದರೆ ಅವು ಮಕ್ಕಳನ್ನು ಹೊರಗೂ ಕಳಿಸುತ್ತಿದ್ದವು. ಅರ್ಧ ದಿನ ಪಾಠ, ಅರ್ಧ ದಿನ ದುಡಿಮೆ ಎಂಬ ಪದ್ಧತಿ 20ನೇ ಶತಮಾನದ ನಡುವಿನವರೆಗೂ ಎಷ್ಟೋ ಶಾಲೆಗಳಲ್ಲಿತ್ತು. ಹೊಲ, ಕೊಟ್ಟಿಗೆ, ಸೌದೆ, ಬಟ್ಟೆ ಒಗೆಯುವುದು. ಅಜ್ಜ ಅಜ್ಜಿಯ ಜೊತೆ ಕಾಡಿಗೆ ಹೋಗಿ ಕಲಿಯುತ್ತಿದ್ದ ಮಗುವಿಗೆ ಅದೇ ಮಣ್ಣು ಕೂಲಿಯ ಜಾಗವಾಯಿತು. ಯಾವ ಗಿಡ ಔಷಧಿ, ಯಾವ ಹಿಮ ನಂಬಬಾರದು, ಮೀನು ಯಾವಾಗ ಹೊಳೆ ಹತ್ತುತ್ತದೆ ಎಂದು ಹೇಳಿಕೊಡುವವರು ಪಕ್ಕದಲ್ಲಿ ಇರಲಿಲ್ಲ. ಆ ಮಾತುಗಳಿದ್ದ ಭಾಷೆಯನ್ನು ಆಡಿದರೆ ಹೊಡೆತ.

1966ರ ಅಕ್ಟೋಬರ್‌ನಲ್ಲಿ ಚಾನಿ ವೆಂಜಾಕ್ ಎಂಬ 12 ವರ್ಷದ, ಅನಿಶಿನಾಬೆ ಎಂಬ ಮೂಲನಿವಾಸಿ ಜನಕ್ಕೆ ಸೇರಿದ ಹುಡುಗ ಕೆನೋರಾದ ಸಿಸಿಲಿಯಾ ಜೆಫ್ರಿ ವಸತಿ ಶಾಲೆಯಿಂದ ಮನೆಗೆ ಹೊರಟ. ಪ್ರೆಸ್ಬಿಟೀರಿಯನ್ ಸಭೆ ನಡೆಸಿದ ಶಾಲೆ ಅದು. ಅವನ ಮನೆ ಇದ್ದದ್ದು ಸುಮಾರು 600 ಕಿಲೋಮೀಟರ್ ದೂರದ ಓಗೋಕಿ ಪೋಸ್ಟ್‌ನಲ್ಲಿ. ರೈಲು ಹಳಿ ಹಿಡಿದು ನಡೆದ. ಮೈಮೇಲೆ ತೆಳು ಬಟ್ಟೆ, ಗಾಜಿನ ಶೀಷೆಯಲ್ಲಿ ಒಂದಷ್ಟು ಬೆಂಕಿಕಡ್ಡಿ. ಚಳಿಗೆ, ಹಸಿವಿಗೆ ಹಳಿಯ ಪಕ್ಕದಲ್ಲೇ ಸತ್ತ. ನಮ್ಮ ಸಭೆಗಳಲ್ಲಿ ಅವನ ಕಥೆ ಗೊತ್ತಿರುವವರು ಇದ್ದಾರೆ. ಮಕ್ಕಳಿಗೆ ಹೇಳುವಾಗ ಒಂದು ಮಾತನ್ನು ಸೇರಿಸಿ ಎಂದು ಕೇಳುತ್ತೇನೆ: ಅವನು ಮನೆಯಲ್ಲೇ ಬೆಳೆದಿದ್ದರೆ ಆ ಚಳಿಯಲ್ಲಿ ಬದುಕುವುದನ್ನು ಹೇಳಿಕೊಡುವವರು ಅವನ ಸುತ್ತ ಇರುತ್ತಿದ್ದರು.

ಒಟ್ಟು 1,50,000ಕ್ಕೂ ಹೆಚ್ಚು ಮಕ್ಕಳು ಇಂಥ ಶಾಲೆಗಳಿಗೆ ಹೋದರು. ಸತ್ತವರೆಂದು ಹೆಸರು ಸಿಕ್ಕಿರುವವರೇ 4,000ಕ್ಕೂ ಹೆಚ್ಚು. ಹಣ ಸರ್ಕಾರದ್ದು, ನಡೆಸಿದ್ದು ಕ್ಯಾಥೊಲಿಕ್, ಆಂಗ್ಲಿಕನ್, ಯುನೈಟೆಡ್, ಪ್ರೆಸ್ಬಿಟೀರಿಯನ್ ಸಭೆಗಳು. 1990ರ ದಶಕದವರೆಗೂ ಕೊನೆಯ ಶಾಲೆಗಳು ತೆರೆದಿದ್ದವು.

ಕನ್ನಡ ಕ್ರೈಸ್ತರಿಗೆ ಇದನ್ನು ನಂಬುವುದು ಕಷ್ಟ. ಯಾಕೆಂದರೆ ನಮ್ಮಲ್ಲಿ ಹಲವರಿಗೆ ಮಿಷನ್ ಶಾಲೆ ಎಂದರೆ ಅಜ್ಜಿಗೆ ಅಕ್ಷರ ಕಲಿಸಿದ ಜಾಗ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ನಮ್ಮ ಭಾಷೆಯನ್ನು ಕಲಿತು, ಜನರ ಬಾಯಿಂದ ಮಾತು ಕೇಳಿ ಕೇಳಿ ಬರೆದುಕೊಂಡು ನಿಘಂಟು ಮಾಡಿದರು. ಅದು ಅಚ್ಚಾದದ್ದು 1894ರಲ್ಲಿ. ಅದೇ 1894ರಲ್ಲಿ ಕೆನಡಾ ಸರ್ಕಾರ, ಇಲ್ಲಿನ ಮೂಲನಿವಾಸಿಗಳಿಗಾಗಿ ಮಾಡಿದ ಇಂಡಿಯನ್ ಆ್ಯಕ್ಟ್ ಎಂಬ ಕಾನೂನನ್ನು ತಿದ್ದಿ, ಮೂಲನಿವಾಸಿ ಮಕ್ಕಳನ್ನು ಬಲವಂತವಾಗಿ ಶಾಲೆಗೆ ಸೇರಿಸುವ ಅಧಿಕಾರ ತಾನೇ ತೆಗೆದುಕೊಂಡಿತು. ಒಂದು ಕಡೆ ಮಿಷನರಿ ಕಲಿಯಲು ಕೂತಿದ್ದರು. ಇನ್ನೊಂದು ಕಡೆ ಮಿಷನರಿಗಳು ಮಕ್ಕಳ ನಾಲಿಗೆಯಿಂದ ಅವರ ಭಾಷೆಯನ್ನೇ ಕಿತ್ತುಹಾಕುತ್ತಿದ್ದರು. ಸುವಾರ್ತೆ ಒಂದೇ, ಅಲ್ವಾ? ಸಾರುವವರು ಕಲಿಯಲು ತಯಾರಿದ್ದರೋ ಇಲ್ಲವೋ ಎಂಬುದರಿಂದಲೇ ಎಷ್ಟೊಂದು ವ್ಯತ್ಯಾಸ ಆಯಿತು. ಸಭೆಗಳು ಈ ನೆಲದಲ್ಲಿ ಕಲಿಸುವವರಾಗಿ ಬಹಳ ಕಾಲ ನಿಂತಿವೆ. ಇನ್ನು ವಿದ್ಯಾರ್ಥಿಗಳಾಗಿ ಕೂರಬೇಕು.

ಕ್ಷಮೆ ಕೇಳಿದ್ದನ್ನು ನಾನು ಹಗುರವಾಗಿ ಕಾಣುವುದಿಲ್ಲ. 1986ರಲ್ಲಿ ಯುನೈಟೆಡ್ ಚರ್ಚ್ ಸಡ್ಬರಿಯಲ್ಲಿ ಸೇರಿದ್ದಾಗ ಮೂಲನಿವಾಸಿ ಹಿರಿಯರು ಹೊರಗೆ ಕಾದು ಕೂತಿದ್ದರು. ಸಭೆಯ ಮುಖ್ಯಸ್ಥರು ಹೊರಗೆ ಅವರ ಹತ್ತಿರ ಬಂದು ಕ್ಷಮೆ ಕೇಳಿದರು. ನಿಮ್ಮ ಆತ್ಮಿಕ ಬದುಕಿನ ಬೆಲೆ ನಮಗೆ ಕಾಣಲಿಲ್ಲ ಎಂದು ಒಪ್ಪಿಕೊಂಡರು. ಹಿರಿಯರು ಆ ಮಾತನ್ನು ಕೇಳಿಸಿಕೊಂಡರು, ಆದರೆ ಒಪ್ಪಿಕೊಂಡೆವು ಎನ್ನಲಿಲ್ಲ. ಸಭೆ ಅದರಂತೆ ಬಾಳುವುದನ್ನು ನೋಡುತ್ತೇವೆ ಎಂದರು. ಆ ಜಾಗದಲ್ಲಿ ಅವರು ಕಲ್ಲುಗಳ ಒಂದು ಗುಡ್ಡೆ ಕಟ್ಟಿದರು. ಬೇಕೆಂದೇ ಅದನ್ನು ಪೂರ್ತಿ ಮಾಡಲಿಲ್ಲ.

ಆಮೇಲೆ ಬೇರೆಯವರೂ ಕೇಳಿದರು. 1993ರಲ್ಲಿ ಆಂಗ್ಲಿಕನ್ ಸಭೆಯ ಮೈಕೆಲ್ ಪಿಯರ್ಸ್ ಮಿನಾಕಿಯಲ್ಲಿ, 1994ರಲ್ಲಿ ಪ್ರೆಸ್ಬಿಟೀರಿಯನ್ನರು, 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಆಲ್ಬರ್ಟಾದ ಮಸ್ಕ್ವಾಚೀಸ್‌ನಲ್ಲಿ. ಕ್ರೈಸ್ತರಿಲ್ಲದ ನೆಲವನ್ನು ಕ್ರೈಸ್ತ ರಾಜರು ತಮ್ಮದೆನ್ನಬಹುದು ಎಂಬ 15ನೇ ಶತಮಾನದ ಸಿದ್ಧಾಂತವನ್ನು ವ್ಯಾಟಿಕನ್ 2023ರ ಮಾರ್ಚ್‌ನಲ್ಲಿ ಅಧಿಕೃತವಾಗಿ ತಳ್ಳಿಹಾಕಿತು. ಮಾತು ಸಾಕಷ್ಟಾಗಿದೆ. ಹಣದ ವಿಷಯದಲ್ಲಿ ನಾಚಿಕೆ ಪಡುವಂಥದ್ದೂ ನಡೆದಿದೆ. ವಸತಿ ಶಾಲೆಗಳ ಪರಿಹಾರಕ್ಕಾಗಿ ಆದ 2006ರ ಒಪ್ಪಂದದಲ್ಲಿ ಕ್ಯಾಥೊಲಿಕ್ ಸಂಸ್ಥೆಗಳು 2.5 ಕೋಟಿ ಡಾಲರ್ ಕೂಡಿಸಲು ಪ್ರಯತ್ನ ಮಾಡುತ್ತೇವೆ ಎಂದವು. ಸೇರಿದ್ದು 40 ಲಕ್ಷ ಡಾಲರಿನ ಆಸುಪಾಸು. 2021ರಲ್ಲಿ ಬಿಷಪ್ಪರು ಹೊಸದಾಗಿ 3 ಕೋಟಿ ಡಾಲರಿನ ಮಾತು ಕೊಡಬೇಕಾಯಿತು.

ವಸತಿ ಶಾಲೆಗಳ ಬಗ್ಗೆ ವಿಚಾರಣೆ ಮಾಡಿದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ, ಇಂಥದ್ದನ್ನು ಮಾಡಿ ಎಂಬ 94 ಕರೆಗಳನ್ನು ಕೊಟ್ಟಿತು. 59ನೆಯದು ಸಭೆಗಳಿಗೇ ಹೇಳಿದ್ದು: ವಸಾಹತು ಕಾಲದಲ್ಲಿ ನಿಮ್ಮ ಸಭೆ ಏನು ಮಾಡಿತು, ಕ್ಷಮೆ ಯಾಕೆ ಕೇಳಬೇಕಾಯಿತು ಎಂದು ನಿಮ್ಮ ಜನಕ್ಕೆ ಬಿಡದೆ ಕಲಿಸಿ. 60ನೆಯದು ಪಾಸ್ಟರಾಗಲು ಓದುವವರಿಗೆ ಮೂಲನಿವಾಸಿಗಳ ಆತ್ಮಿಕತೆಯನ್ನು ಗೌರವಿಸುವುದನ್ನು ಕಲಿಸಿ ಎನ್ನುತ್ತದೆ. 61ನೆಯದು ಅವರ ಭಾಷೆ, ಸಂಸ್ಕೃತಿ ಮರಳಿ ಏಳಲು, ಸಂಬಂಧ ಬೆಳೆಯಲು ಖಾಯಂ ಹಣ ಇಡಿ ಎನ್ನುತ್ತದೆ. ನಮ್ಮ ಶಾಲೆಗಳು ಏನು ಮಾಡುತ್ತಿವೆ? ವಸತಿ ಶಾಲೆಗಳ ಮಕ್ಕಳನ್ನು ನೆನೆಯುವ ಸೆಪ್ಟೆಂಬರ್ 30ರಂದು ಕಿತ್ತಳೆ ಬಣ್ಣದ ಅಂಗಿ. ಬೆಳಿಗ್ಗೆ ಮೈಕಿನಲ್ಲಿ, ನಾವು ಇಂಥವರ ನೆಲದಲ್ಲಿದ್ದೇವೆ ಎಂಬ ಒಂದು ಸಾಲು. ವರ್ಷಕ್ಕೊಮ್ಮೆ ಜಿಮ್ಮಿನ ನೆಲದ ಮೇಲೆ ಕಂಬಳಿ ಹಾಸಿ ಮಾಡುವ ಆಟ. ಕೈರೋಸ್ ಸಂಸ್ಥೆ ರೂಪಿಸಿದ ಈ ಕಂಬಳಿ ಅಭ್ಯಾಸದ ಬಗ್ಗೆ ನನಗೆ ಗೌರವವಿದೆ. ಕಂಬಳಿಗಳೇ ನೆಲ. ಒಂದೊಂದಾಗಿ ಮಡಚುತ್ತಾ ಹೋದಾಗ ನಿಲ್ಲಲು ಜಾಗವೇ ಸಾಲದ ಹಾಗಾಗುತ್ತದೆ. ಮಕ್ಕಳ ಮುಖ ಸಪ್ಪಗಾಗುವುದನ್ನು ಕಂಡಿದ್ದೇನೆ. ಆದರೆ ಆಟ ಮುಗಿದ ಮೇಲೆ ಮಕ್ಕಳು ಮುಂದಿನ ಪಿರಿಯಡ್ಡಿಗೆ ಹೋಗುತ್ತಾರೆ. ಕಿಟಕಿಯಾಚೆ ಇರುವ ನಿಜವಾದ ನೆಲದ ಮೇಲೆ ಅವರು ಕಾಲಿಡುವುದು ಫುಟ್‌ಬಾಲ್ ಆಡಲು ಮಾತ್ರ.

ಹೊರಗೆ ಹೋದರೆ ಏನು ಸಿಗುತ್ತದೆ? ವ್ಯಾಂಕೂವರ್ ದ್ವೀಪದ ವಿಕ್ಟೋರಿಯಾ ನಗರದ ಒಂದು ಉದಾಹರಣೆ ಹೇಳುತ್ತೇನೆ. ಸ್ವಲ್ಪ ಉದ್ದವಾದರೂ ಓದಿ.

1843ರಲ್ಲಿ ಹಡ್ಸನ್ಸ್ ಬೇ ಕಂಪನಿ ಅಲ್ಲಿ ಕೋಟೆ ಕಟ್ಟಿತು. ಜಾಗ ಆರಿಸಿದ ಜೇಮ್ಸ್ ಡಗ್ಲಸ್ ಅಲ್ಲಿನ ಓಕ್ ಮರಗಳ ನಡುವಿನ ಹೂಬಯಲನ್ನು ನೋಡಿ, ಇದು ಏದೆನ್ ತೋಟವೇ ಸರಿ ಎಂದು ಬರೆದರು. ಅದು ತಾನಾಗಿ ಬೆಳೆದ ಬಯಲು ಎಂದು ಬಂದವರು ಅಂದುಕೊಂಡರು. ಆದರೆ ಅದು ಲೆಕ್ವಂಗನ್ ಜನರ, ಅದರಲ್ಲೂ ಹೆಂಗಸರ ಕೈಯಿಂದಾದ ತೋಟ. ನೀಲಿ ಹೂ ಬಿಡುವ ಕಾಮಸ್ ಎಂಬ ಗಿಡದ ಗೆಡ್ಡೆ ಅವರ ಮುಖ್ಯ ಆಹಾರ, ವ್ಯಾಪಾರದ ಸರಕು ಕೂಡ. ಅದರ ಜೊತೆಯಲ್ಲೇ ಬೆಳೆಯುವ ಇನ್ನೊಂದು ಗಿಡ ಇದೆ. ಬಿಳಿ ಹೂವಿನದು, ಗೆಡ್ಡೆ ವಿಷ. ಹೂ ಬಾಡಿದ ಮೇಲೆ ಎರಡನ್ನೂ ಬೇರೆ ಮಾಡುವುದು ಕಷ್ಟ. ಅದಕ್ಕೆ ಹೂವಿರುವಾಗಲೇ ನೋಡಿ ವಿಷದ್ದನ್ನು ಕಿತ್ತುಹಾಕುತ್ತಿದ್ದರು. ದೊಡ್ಡ ಗೆಡ್ಡೆ ತೆಗೆದು ಚಿಕ್ಕದನ್ನು ಮಣ್ಣಿಗೇ ಬಿಡುತ್ತಿದ್ದರು. ಬಯಲಿಗೆ ಹದವಾಗಿ ಬೆಂಕಿ ಹಾಕಿ ಪೊದೆ ಏಳದಂತೆ ನೋಡಿಕೊಳ್ಳುತ್ತಿದ್ದರು. ಅಗೆದ ಗೆಡ್ಡೆಯನ್ನು ಕಾದ ಕಲ್ಲಿನ ಗುಂಡಿಯಲ್ಲಿಟ್ಟು ಮುಚ್ಚಿ, ಗಂಟೆಗಟ್ಟಲೆ ಬೇಯಿಸಿದರೆ ಸಿಹಿಯಾಗುತ್ತಿತ್ತು.

ಬಂದವರು ಅಲ್ಲಿ ದನ, ಹಂದಿ ಬಿಟ್ಟರು. ಉತ್ತರು, ಬೇಲಿ ಹಾಕಿದರು. ಬೆಂಕಿ ಹಾಕುವುದನ್ನು ತಡೆಯುವ ಕಾನೂನು ಬ್ರಿಟಿಷ್ ಕೊಲಂಬಿಯಾದಲ್ಲಿ 1874ರಲ್ಲೇ ಬಂತು. ಆ ಬಗೆಯ ಓಕ್ ಬಯಲಿನಲ್ಲಿ ಇವತ್ತು ಶೇ 5ಕ್ಕಿಂತಲೂ ಕಡಿಮೆ ಉಳಿದಿದೆ.

ಈ ಒಂದು ಗೆಡ್ಡೆಯಲ್ಲಿ ನಮ್ಮ ಮಕ್ಕಳಿಗೆ ಎಷ್ಟು ಪಾಠ ಇದೆ ನೋಡಿ. ಸಸ್ಯಶಾಸ್ತ್ರ ಇದೆ, ಇತಿಹಾಸ ಇದೆ, ಕಾನೂನು ಇದೆ. ನಮ್ಮ ಧರ್ಮಪಾಠವೂ ಇದೆ. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟದ್ದು ವ್ಯವಸಾಯ ಮಾಡಿ ಅದನ್ನು ಕಾಯುವುದಕ್ಕೆ ಎಂದು ನಾನು ಪ್ರತಿ ವರ್ಷ ಸಂಡೇ ಸ್ಕೂಲಿನಲ್ಲಿ ಹೇಳುತ್ತೇನೆ. ಇಲ್ಲಿ ಏದೆನ್ ಎಂದು ಕರೆದ ಜಾಗವನ್ನು ಕಾಯುತ್ತಿದ್ದ ಹೆಂಗಸರು ಕಣ್ಣೆದುರೇ ಇದ್ದರು, ಬಂದ ಕ್ರೈಸ್ತರಿಗೆ ಅವರು ತೋಟಗಾರರೆಂದು ಕಾಣಲೇ ಇಲ್ಲ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಹೇಳಬಲ್ಲೆ. ಆದರೆ ಆ ಜನರ ಮೊಮ್ಮಗಳು ಮಣ್ಣಿನಲ್ಲಿ ಕೈಯಿಟ್ಟು, ಇದನ್ನು ತೆಗೆ, ಇದನ್ನು ಬಿಡು ಎಂದು ನಮ್ಮ ಮಗುವಿಗೆ ಹೇಳುವಾಗ ಆ ಮಗು ಯಾರ ಮಾತು ಕೇಳುತ್ತಿದೆ ಎನ್ನುವುದು ಮುಖ್ಯ. ಯಾರಿಗೆ ಏನೂ ಗೊತ್ತಿಲ್ಲ, ನಾವೇ ಕಲಿಸಬೇಕು ಎಂದು ಸಭೆ ನಂಬಿತ್ತೋ, ಅವರೇ ಅಲ್ಲಿ ಗುರು.

ಅದೇ ಪಶ್ಚಿಮ ಕರಾವಳಿಯಲ್ಲಿ ಸೀಡರ್ ಮರದ ತೊಗಟೆ ಸುಲಿಯುವುದೂ ಹೀಗೆಯೇ. ವಸಂತ ಕಳೆದು ಬೇಸಿಗೆ ಬರುವಾಗ, ಮರದಲ್ಲಿ ರಸ ಏರುವ ಹೊತ್ತಿನಲ್ಲಿ ಮಾತ್ರ ಅದು ಸಲೀಸಾಗಿ ಬರುತ್ತದೆ. ಮೊದಲು ಮರಕ್ಕೆ ವಂದನೆ ಹೇಳುತ್ತಾರೆ. ಆಮೇಲೆ ಒಂದು ಕಡೆಯಿಂದ ಕಿರಿದಾದ ಪಟ್ಟಿಯಷ್ಟೇ ತೆಗೆಯುತ್ತಾರೆ. ಮರ ಬದುಕಿ ಬೆಳೆಯುತ್ತದೆ. ನೂರಾರು ವರ್ಷದ ಹಿಂದೆ ಸುಲಿದ ಗುರುತು ಇರುವ ಮರಗಳು ಈಗಲೂ ನಿಂತಿವೆ. ಈ ಕಾಡು ನಮ್ಮದು ಎಂದು ಹೇಳಲು ಅವು ನ್ಯಾಯಾಲಯದಲ್ಲೂ ಸಾಕ್ಷಿಯಾಗಿವೆ.

ಎಲ್ಲ ಶಾಲೆಗೂ ಕಾಮಸ್ ಬಯಲು, ಸೀಡರ್ ಕಾಡು ಇರುವುದಿಲ್ಲ. ನೀರಂತೂ ಎಲ್ಲ ಶಾಲೆಗೂ ಬರುತ್ತದೆ. ವಿನ್ನಿಪೆಗ್ ನಗರ 1919ರಿಂದ ಶೋಲ್ ಲೇಕ್ ಎಂಬ ಸರೋವರದ ನೀರು ಕುಡಿಯುತ್ತಿದೆ. ಆ ನೀರು ತರುವ ಕಾಲುವೆ ಕಟ್ಟುವಾಗ ಶೋಲ್ ಲೇಕ್ 40 ಫಸ್ಟ್ ನೇಷನ್ ಎಂಬ ಮೂಲನಿವಾಸಿ ಸಮುದಾಯದ ಊರು ಸುತ್ತಲಿನಿಂದ ಕಡಿದು ದ್ವೀಪದಂತಾಯಿತು. 1997ರಿಂದ 2021ರವರೆಗೆ ಆ ಊರಿನವರು ಮನೆಯ ನಲ್ಲಿ ನೀರು ಕುಡಿಯುವ ಹಾಗಿರಲಿಲ್ಲ. ಹೊರಲೋಕಕ್ಕೆ ಎಲ್ಲ ಕಾಲದಲ್ಲೂ ನಡೆಯುವ ರಸ್ತೆ ಬಂದದ್ದು 2019ರಲ್ಲಿ. ಇಷ್ಟು ವರ್ಷ ವಿನ್ನಿಪೆಗ್‌ನ ಆರಾಧನಾಲಯಗಳಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ದು ಅದೇ ಸರೋವರದ ನೀರಿನಿಂದ. ನನಗೆ ಇದು ಗೊತ್ತಾದ ದಿನದಿಂದ ದೀಕ್ಷಾಸ್ನಾನದ ಪ್ರಾರ್ಥನೆ ಮೊದಲಿನ ಹಾಗೆ ಕೇಳಿಸುತ್ತಿಲ್ಲ. ನಿಮ್ಮ ಸಭೆಯ ನೀರು ಎಲ್ಲಿಂದ ಬರುತ್ತದೆ? ಆ ದಾರಿ ಹಿಡಿದು ಮಕ್ಕಳ ಜೊತೆ ಮೇಲಕ್ಕೆ ಹೋಗಿ. ಅಲ್ಲಿ ಇರುವವರನ್ನು ಭೇಟಿ ಮಾಡಿ. ಅವರು ಕುಡಿಯುವ ನೀರು ಹೇಗಿದೆ ಎಂದು ಕೇಳಿ.

ಈಗ ಅನೇಕ ತಂದೆ ತಾಯಿಯರ ಮನಸ್ಸಿನಲ್ಲಿರುವ ಭಯದ ವಿಷಯ. ಅವರ ಪೂಜೆಯಲ್ಲಿ ನಮ್ಮ ಮಕ್ಕಳು ಸೇರಿದರೆ ನಂಬಿಕೆ ಏನಾಗುತ್ತದೆ? ನಾನು ಈ ಭಯವನ್ನು ತಮಾಷೆ ಮಾಡುವುದಿಲ್ಲ. ನಂಬಿಕೆ ನನಗೂ ದೊಡ್ಡದು. ಆದರೆ ಮೂರು ಮಾತು ನೆನಪಿಡಿ. ಒಂದು, ಮೂಲನಿವಾಸಿಗಳಲ್ಲೇ ಲಕ್ಷಾಂತರ ಜನ ಕ್ರೈಸ್ತರು. ಆಲ್ಬರ್ಟಾದ ಲಾಕ್ ಸೇಂಟ್ ಆ್ಯನ್ ಸರೋವರಕ್ಕೆ 1889ರಿಂದ ಪ್ರತಿ ಜುಲೈಯಲ್ಲಿ ಯಾತ್ರೆ ನಡೆಯುತ್ತಿದೆ. ಸಾವಿರಾರು ಮೂಲನಿವಾಸಿ ಕ್ಯಾಥೊಲಿಕರು ಬಂದು ಆ ನೀರಿಗೆ ಇಳಿದು ಪ್ರಾರ್ಥನೆ ಮಾಡುತ್ತಾರೆ. ಮಿಷನರಿಗಳು ಬರುವ ಮುಂಚೆಯೇ ಅದು ಅವರಿಗೆ ಪವಿತ್ರ ಸರೋವರ. ಬಯಲಿನಲ್ಲಿ ದೇವರನ್ನು ಆರಾಧಿಸುವುದು ಹೇಗೆಂದು ಅವರಿಂದ ಕಲಿಯಬಹುದು. ಎರಡು, ಸುಗಂಧದ ಎಲೆಗಳ ಹೊಗೆ ಹಾಕುವಂಥ ಆಚರಣೆಗೆ ಮಕ್ಕಳನ್ನು ಅಲ್ಲಿ ಯಾರೂ ದೂಡುವುದಿಲ್ಲ. ಮೌನವಾಗಿ ನಿಂತು ನೋಡಿದರೂ ಅದು ಗೌರವವೇ. ಮೂರನೆಯದು ಸ್ವಲ್ಪ ಕಹಿ. ಮಕ್ಕಳ ನಂಬಿಕೆಯನ್ನು ಬಲವಂತದಿಂದ ಬದಲಿಸಿದ್ದು ಯಾರು? 1884ರಲ್ಲಿ ಪಾಟ್ಲ್ಯಾಚ್ ಎಂಬ, ಔತಣ ಮಾಡಿ ಉಡುಗೊರೆ ಹಂಚುವ ಪಶ್ಚಿಮ ಕರಾವಳಿ ಜನರ ಆಚರಣೆಯನ್ನು ಕಾನೂನು ಮಾಡಿ ನಿಷೇಧಿಸಿದಾಗ, ಹಾಗೆ ಮಾಡಿ ಎಂದು ಒತ್ತಾಯ ಮಾಡಿದವರಲ್ಲಿ ಮಿಷನರಿಗಳೂ ಇದ್ದರು. ಆ ನಿಷೇಧ ಹೋದದ್ದು 1951ರಲ್ಲಿ.

ಹೋಡನಶೋನಿ ಜನ ಯಾವ ಕೂಟಕ್ಕೆ ಸೇರಿದರೂ ಮೊದಲು ವಂದನೆಯ ಮಾತು ಹೇಳುತ್ತಾರೆ. ಜನರಿಗೆ, ಭೂಮಿಗೆ, ನೀರಿಗೆ, ಮೀನಿಗೆ, ಗಿಡಮೂಲಿಕೆಗೆ, ಮರಕ್ಕೆ, ಹಕ್ಕಿಗೆ, ಗಾಳಿಗೆ, ಗುಡುಗಿಗೆ, ಸೂರ್ಯನಿಗೆ, ಚಂದ್ರನಿಗೆ, ಕೊನೆಗೆ ಸೃಷ್ಟಿಕರ್ತನಿಗೆ. ಸೂರ್ಯ ಚಂದ್ರರೇ, ಹಿಮವೇ, ಹಣ್ಣಿನ ಮರಗಳೇ, ಹಕ್ಕಿಗಳೇ ಸ್ತುತಿಸಿರಿ ಎನ್ನುವ 148ನೇ ಕೀರ್ತನೆಯನ್ನು ಬಾಯಿಪಾಠ ಮಾಡಿದ ನಮ್ಮ ಮಕ್ಕಳಿಗೆ ಅದು ಅಪರಿಚಿತ ಅನ್ನಿಸುವುದಿಲ್ಲ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಇಬ್ಬರಿಗೂ ಅನ್ಯಾಯ. ಆದರೆ ಪಕ್ಕದಲ್ಲಿ ನಿಂತು ಕೇಳಲು ಏನು ಅಡ್ಡಿ?

ಕನ್ನಡದ ಬಂಧುಗಳು ಹೇಳುವ ಇನ್ನೊಂದು ಮಾತು ಇದೆ. 'ನಾವು ಮೊನ್ನೆ ಬಂದವರು. ಇದನ್ನೆಲ್ಲ ಮಾಡಿದ್ದು ಬಿಳಿಯರು. ನಮಗೇನು ಸಂಬಂಧ?' ಸರಿ, ವಸತಿ ಶಾಲೆ ನಡೆಸಿದವರು ನಾವಲ್ಲ. ಆದರೆ ಪೌರತ್ವ ಪಡೆಯುವಾಗ ಕೈ ಎತ್ತಿ ಪ್ರಮಾಣ ಮಾಡುತ್ತೇವಲ್ಲ, 2021ರ ಜೂನ್‌ನಿಂದ ಆ ಪ್ರಮಾಣದಲ್ಲೇ ಫಸ್ಟ್ ನೇಷನ್ಸ್, ಇನ್ಯೂಟ್, ಮೇಟಿ ಎಂಬ ಮೂಲನಿವಾಸಿ ಜನರ ಹಕ್ಕುಗಳ ಮತ್ತು ಸರ್ಕಾರದ ಜೊತೆ ಆದ ಒಪ್ಪಂದಗಳಿಂದ ಬಂದ ಹಕ್ಕುಗಳ ಮಾತು ಸೇರಿದೆ. ಅದಕ್ಕಿಂತ ಮುಂಚೆ ಪ್ರಮಾಣ ಮಾಡಿದವರಿಗೂ ಕಾನೂನು ಅದೇ. ಒಪ್ಪಂದದ ನೆಲದ ಮೇಲೆ ಮನೆ ಕೊಂಡಿದ್ದೇವೆ. ಕ್ಷಮೆ ಕೇಳಿದ ಸಭೆಗಳಿಗೆ ಸದಸ್ಯರಾಗಿದ್ದೇವೆ. ಸಭೆಯ ಆಸ್ತಿಯಲ್ಲಿ ನಮಗೆ ಪಾಲು ಇದೆ ಎಂದರೆ ಸಭೆಯ ಸಾಲದಲ್ಲೂ ಪಾಲು ಇದೆ.

ಮಂಡಳಿಯವರಿಗೆ ಕೆಲವು ನೇರವಾದ ವಿನಂತಿಗಳು. ಮೊದಲು ಹೋಗಿ ಕೇಳಿ. ಕಾರ್ಯಕ್ರಮ ಸಿದ್ಧ ಮಾಡಿಕೊಂಡು ಹಿರಿಯರೊಬ್ಬರನ್ನು ಕರೆಸಿ ಅದರಲ್ಲಿ ಕೂರಿಸಬೇಡಿ. ನಿಮ್ಮ ಮಕ್ಕಳಿಗೆ ಕಲಿಸಲು ನಮಗೆ ಈಗ ಸಮಯವಿಲ್ಲ, ನಮ್ಮ ಮಕ್ಕಳೇ ಮೊದಲು ಎಂದು ಅವರು ಹೇಳಬಹುದು. ಆ ಮಾತನ್ನು ಒಪ್ಪಿಕೊಳ್ಳಿ. ಭಾಷೆ ಬಲ್ಲ, ಕಾಡು ಬಲ್ಲ ಹಿರಿಯರು ಕಡಿಮೆ ಆಗಿದ್ದಾರೆ, ಆ ಕೊರತೆಗೆ ನಮ್ಮ ಸಭೆಗಳೇ ಕಾರಣ. ಹಾಗಿದ್ದರೆ ಆ ವರ್ಷ ಅವರ ಮಕ್ಕಳ ಕಾಡಿನ ಶಿಬಿರಕ್ಕೆ ಹಣ ಕೊಡಿ, ಬಸ್ಸು ಕೊಡಿ, ನೀವು ಹೋಗಬೇಡಿ.

ಹೋಗುವಾಗ ಅಲ್ಲಿನ ರೀತಿ ಕೇಳಿಕೊಂಡು ಹೋಗಿ. ಕೆನಡಾದ ಬಯಲು ಸೀಮೆಯ ಹಲವು ಮೂಲನಿವಾಸಿ ಜನರಲ್ಲಿ, ಅನಿಶಿನಾಬೆ ಜನರಲ್ಲಿ, ಹಿರಿಯರನ್ನು ಏನಾದರೂ ಕೇಳುವ ಮುಂಚೆ ತಂಬಾಕು ಕೊಡುವ ಪದ್ಧತಿ ಇದೆ. ಬೇರೆ ಕಡೆ ಬೇರೆ ಇರುತ್ತದೆ. ಕಲಿಸಿದವರಿಗೆ ಸಂಭಾವನೆ ಕೊಡಿ, ಅದನ್ನು ಬಜೆಟ್ಟಿನಲ್ಲಿ ಖಾಯಂ ಸಾಲಾಗಿ ಬರೆಯಿರಿ. ಕೇಕ್ ಮಾರಿ ಕೂಡಿಸಿದ ಹಣದಲ್ಲಿ ಇದನ್ನು ಮಾಡಬೇಡಿ. ವಸತಿ ಶಾಲೆಯ ಕಥೆ ಹೇಳಿ ಎಂದು ಯಾರನ್ನೂ ಒತ್ತಾಯಿಸಬೇಡಿ. ಫೋಟೊ, ವಿಡಿಯೊ ಅವರು ಹೂಂ ಎಂದರೆ ಮಾತ್ರ. ಬ್ರಿಟಿಷ್ ಕೊಲಂಬಿಯಾದ ಫಸ್ಟ್ ನೇಷನ್ಸ್ ಶಿಕ್ಷಣದವರು ರೂಪಿಸಿದ ಕಲಿಕೆಯ ತತ್ವಗಳಲ್ಲಿ, ಕೆಲವು ಜ್ಞಾನ ಪವಿತ್ರ, ಅದನ್ನು ಅನುಮತಿ ಇದ್ದಾಗ ಮಾತ್ರ ಹಂಚಿಕೊಳ್ಳುವುದು ಎಂದಿದೆ. ಕಲಿಕೆಗೆ ತಾಳ್ಮೆ ಬೇಕು, ಸಮಯ ಬೇಕು ಎಂದೂ ಇದೆ. ಅದೇ ಪ್ರಾಂತ್ಯದಲ್ಲಿ 2023-24ರಿಂದ ಹೈಸ್ಕೂಲ್ ಮುಗಿಸಲು ಮೂಲನಿವಾಸಿಗಳ ಕುರಿತ ಪಾಠ ಕಡ್ಡಾಯವಾಗಿದೆ. ಪುಸ್ತಕ ಓದಿಸಿ ಅಂಕ ಕೊಟ್ಟು ಮುಗಿಸಬೇಡಿ.

ಟೀಚರುಗಳು ಮೊದಲು ಹೋಗಲಿ. ಒಂದಿಡೀ ವರ್ಷ ಮಕ್ಕಳಿಲ್ಲದೆ ಅವರೇ ಕಲಿತರೆ ಇನ್ನೂ ಒಳ್ಳೆಯದು. ವಾಯವ್ಯ ಪ್ರಾಂತ್ಯದಲ್ಲಿ ಡೆಚಿಂಟಾ ಎಂಬ ಸಂಸ್ಥೆ ಡೆನೆ ಹಿರಿಯರ ಜೊತೆ ಕಾಡಿನ ನಡುವೆಯೇ ವಿಶ್ವವಿದ್ಯಾಲಯ ಮಟ್ಟದ ಪಾಠ ನಡೆಸುತ್ತಿದೆ. ಮೂಸ್ ಚರ್ಮ ಹದ ಮಾಡುವುದೂ, ಆಡಳಿತದ ಇತಿಹಾಸವೂ ಅಲ್ಲಿ ಒಂದೇ ಕೋರ್ಸು. ಅಂಥ ಕಡೆ ಮೊದಲ ಹಕ್ಕು ಅವರ ಮಕ್ಕಳದು. ಆದರೆ ಇಂಥ ಕಲಿಕೆ ಗಟ್ಟಿಯಾದ ಓದು ಹೌದೋ ಅಲ್ಲವೋ ಎಂದು ಕೇಳುವವರಿಗೆ ಅದು ಉತ್ತರ.

ನಮ್ಮ ಕ್ರೈಸ್ತ ಬೇಸಿಗೆ ಶಿಬಿರಗಳ ಬಗ್ಗೆಯೂ ಹೇಳಲೇಬೇಕು. ಕೆರೆ ದಂಡೆಯ ಎಷ್ಟೋ ಶಿಬಿರಗಳಿಗೆ ಮೂಲನಿವಾಸಿ ಹೆಸರುಗಳನ್ನು ಸುಮ್ನೆ ಇಟ್ಟುಕೊಂಡಿದ್ದೇವೆ. ಮಕ್ಕಳ ತಲೆಗೆ ಕಾಗದದ ಗರಿ ಸಿಕ್ಕಿಸಿ ಬೆಂಕಿ ಸುತ್ತ ಕೂರಿಸಿದ ಕಾಲವೂ ಇತ್ತು. ಅದನ್ನು ನಿಲ್ಲಿಸಿ. ಆ ಶಿಬಿರದ ದಂಡೆಯಲ್ಲಿ ಮೀನು ಹಿಡಿಯಲು, ಔಷಧಿ ಗಿಡ ತೆಗೆಯಲು, ಅನುಮತಿಗೆ ಅಲೆಯದೆ ಬರಬಹುದು ಎಂದು ಆ ಜನರಿಗೆ ಬರೆದು ಕೊಡಿ. ವರ್ಷದ ಹತ್ತು ತಿಂಗಳು ಖಾಲಿ ಬಿದ್ದಿರುವ ಜಾಗವಾದರೆ ಅದನ್ನು ಮರಳಿ ಕೊಡುವ ಮಾತನ್ನೂ ಎತ್ತಿ. ಅಹಾಬನು ನಾಬೋತನ ದ್ರಾಕ್ಷಿತೋಟ ಕಿತ್ತುಕೊಂಡ ಕಥೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದದ್ದನ್ನೂ ಕಲಿಸುತ್ತೇವೆ. ಹತ್ತು ವರ್ಷದ ಮಗು ಎರಡನ್ನೂ ಜೋಡಿಸಿ ನನ್ನನ್ನು ಪ್ರಶ್ನೆ ಕೇಳುತ್ತದೆ. ಅದಕ್ಕೆ ಕೊಡಬೇಕಾದ ಉತ್ತರ ನಿಮ್ಮ ಕೈಯಲ್ಲಿದೆ.

ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರಿದೆ ಎಂದು ನೆನಪಾದರೆ ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂದು ಕರ್ತನು ಬೆಟ್ಟದ ಮೇಲೆ ಹೇಳಿದನು. ಅವನನ್ನು ಆಲಯದ ಒಳಗೆ ಕರೆಸು ಎಂದು ಹೇಳಲಿಲ್ಲ.

ಮುಂದಿನ ಮಂಡಳಿ ಸಭೆಯ ಕಾರ್ಯಸೂಚಿಗೆ ಮೂರು ವಿಷಯ ಸೇರಿಸಿ ಎಂದು ಬೇಡುತ್ತೇನೆ: ನಮ್ಮ ಹತ್ತಿರದ ಫಸ್ಟ್ ನೇಷನ್ ಶಿಕ್ಷಣ ವಿಭಾಗಕ್ಕೆ ಹೋಗಿ ಕೇಳುವ ಇಬ್ಬರ ಹೆಸರು, ಬಯಲ ಪಾಠಕ್ಕೆ ಪ್ರತಿ ವರ್ಷ ತೆಗೆದಿಡುವ ಮೊತ್ತ, ಮತ್ತು ಶಾಲೆಗೆ, ಸಭೆಗೆ, ಶಿಬಿರಕ್ಕೆ ಸೇರಿದ ಪ್ರತಿಯೊಂದು ಜಾಗ ಯಾವ ಒಪ್ಪಂದದ ನೆಲ, ಯಾರಿಂದ ಹೇಗೆ ಬಂತು ಎಂಬ ವರದಿ. ವರದಿಯನ್ನು ತಂದೆ ತಾಯಿಯರ ಮುಂದೆ ಓದಿ. ಕನ್ನಡದ ಬಂಧುಗಳೇ, ನಿಮ್ಮ ಮಕ್ಕಳ ಶಾಲೆಗೆ ಈ ಪತ್ರವನ್ನು ಇಂಗ್ಲಿಷ್ ಮಾಡಿ ಕೊಡುವುದಾದರೆ ಕೊಡಿ, ನನ್ನ ಹೆಸರು ಬೇಕಿಲ್ಲ. ಶನಿವಾರಗಳಂದು ಬಸ್ಸಿನ ಜೊತೆ ಹೋಗಲು, ಅಡುಗೆ ಮಾಡಲು, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ನಾನು ತಯಾರಿದ್ದೇನೆ.

ಇತಿ,
ಒಬ್ಬ ಸಂಡೇ ಸ್ಕೂಲ್ ಟೀಚರ್
ಗ್ರ್ಯಾಂಡ್ ನದಿ ಸೀಮೆ, ಒಂಟಾರಿಯೊ